ಹೊಸ್ತಿಲು ಕಾಯುವ ಗುಡ್ವೈಗ್

ನಮ್ಮೂರ ಸಭೆಯಲ್ಲಿ ‘ಆಗೋದಿಲ್ಲ’ ಎಂಬ ಮಾತು ಕೇಳಿಸಿತೆಂದರೆ ಗುಡ್ವೈಗ್ ಬಂದಿದ್ದಾಳೆಂದೇ ಅರ್ಥ. ಸೀಗಡಿ ಹಿಡಿಯುತ್ತಲೇ ತಲೆ ನರೆತವಳು. ನಾಮಕರಣದ ಊಟಕ್ಕೆ ಕರೆದರೂ ಅವಳ ಮಾತು ನಮ್ಮ ಫ್ಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ನುಗ್ಗಿದ ಕಡಲತೋಳಿನ ಬಾಯಿಗೇ ಹೋಗಿ ನಿಲ್ಲುತ್ತದೆ. ಆ ಬಾಯಲ್ಲಿ ನೀರಿನಡಿ ಹೊಸ್ತಿಲಿನಂಥ ಬಂಡೆದಿಬ್ಬವಿದೆ. ಎಷ್ಟೋ ಚಳಿಗಾಲಕ್ಕೊಮ್ಮೆ ಕಡಲಿನ ಭಾರವಾದ ಉಪ್ಪುನೀರು ಅದನ್ನು ದಾಟಿ ತಳಕ್ಕಿಳಿದು, ಕೊಳೆತ ಹಳೇ ನೀರನ್ನು ಮೇಲೆತ್ತುತ್ತದೆ. ಆಗ ಊರೆಲ್ಲ ಮೂಗು ಮುಚ್ಚಿಕೊಂಡರೆ ಇವಳು ಕಿಟಕಿ ತೆರೆದಿಟ್ಟು, “ನಾರಲಿ ಬಿಡ್ರೋ, ಉಸಿರಾಡ್ತಾ ಇದೆ!” ಎನ್ನುತ್ತಾಳೆ. ಆಚೆ ದಡಕ್ಕೆ ದಾಟಿಸುವ ಲಾಂಚಿಗೆ ಕಾಯುವುದು ತಪ್ಪಲೆಂದು ಆ ದಿಬ್ಬದ ಮೇಲೆ ಕಲ್ಲು ತುಂಬಿ ರಸ್ತೆ ಹಾಯಿಸುವ ಯೋಜನೆ ಬಂದಾಗ, ತಳದ ನೀರನ್ನು ಜಾಡಿಯಲ್ಲಿ ತಂದು ಸಭೆಯ ನಡುವೆ ಮುಚ್ಚಳ ತೆಗೆದಳು. ಕೊಳೆತ ಮೊಟ್ಟೆಯ ನಾತ. “ಬಾಯಿ ಮುಚ್ಚಿದ್ರೆ ಇಡೀ ಫ್ಯೋರ್ಡು ಹೀಗಾಗತ್ತೆ. ಕಂಬದ ಮೇಲೆ ಸೇತುವೆ ಕಟ್ಟಿ.” “ಅದು ಯಾವ ಕಾಲಕ್ಕೋ!” ಎಂದ ಅಧ್ಯಕ್ಷ ಐವಿಂದ್, ಆಮೇಲೆ ಮೆತ್ತಗೆ, “ಆಸ್ಪತ್ರೆಗೆ ಹೋಗೋಕೆ ಲಾಂಚು ಕಾಯ್ತಾ ನಿನ್ನ ಗಂಡ ದಡದಲ್ಲೇ ಜೀವ ಬಿಟ್ಟ. ನೀನೇ ರಸ್ತೆ ಬೇಡ ಅಂದ್ರೆ ಹೇಗೆ?” ಎಂದು ಕೇಳಿದ. ಆ ಸಾವಿನ ಮಾತನ್ನು ಅವಳೆದುರು ಯಾರೂ ಎತ್ತುತ್ತಿರಲಿಲ್ಲ. ಗುಡ್ವೈಗ್ ಮೇಜು ಹಿಡಿದು ನಿಂತಳು. “ತೊರ್ಗಿಲ್ಸನ ಉಸಿರು ನಿಂತದ್ದು ನನ್ನ ಮಡಿಲಲ್ಲೇ, ಐವಿಂದ್. ಅವನ ಹೆಸರು ಹೇಳಿ ಇನ್ನೊಂದು ಉಸಿರು ನಿಲ್ಸೋಕೆ ನಾನು ಬಿಡೋದಿಲ್ಲ.” ಕಲ್ಲು ತುಂಬುವ ಪರವಾಗಿ ಒಂದು ಕೈಯೂ ಮೇಲೇಳಲಿಲ್ಲ, ಐವಿಂದನದೂ ಕೂಡ. ನಾವು ಇಂದಿಗೂ ಲಾಂಚಿಗೆ ಕಾಯುತ್ತೇವೆ. ತಡವಾಯಿತೆಂದು ಎಲ್ಲರಿಗಿಂತ ಜೋರಾಗಿ ಬೈಯುವವಳೂ ಅವಳೇ.