ಕೌದಳ್ಳಿಯಲ್ಲಿ ಕಟ್ ಮಾಡಿದ ಫೋನ್

ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಾಂತಮೂರ್ತಿಯನ್ನು ಸಾಕಿದವಳು ಅವನ ಅಕ್ಕ ವೀರಮ್ಮ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನೇಳು. ಧನಗೆರೆಯ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತ ತಮ್ಮನನ್ನು ಡಿಪ್ಲೊಮಾ ಓದಿಸಿದಳು. ಬಂದ ಸಂಬಂಧಗಳನ್ನೆಲ್ಲ “ಇವ್ನು ಒಂದು ದಡ ಸೇರ್ಲಿ” ಎಂದು ಮುಂದಕ್ಕೆ ಹಾಕಿದಳು. ಅವನು ದಡ ಸೇರುವಷ್ಟರಲ್ಲಿ ಸಂಬಂಧಗಳು ಬರುವುದೇ ನಿಂತುಹೋಗಿತ್ತು.

ಅವನು ಅಂಗಡಿ ಇಟ್ಟ ಮೇಲೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುವಳು. ಉಂಡ್ಯಾ ಎಂದು ಕೇಳಲು, ಹಸು ಕರು ಹಾಕಿತು ಎಂದು ಹೇಳಲು. ಕೆಲಸದಲ್ಲಿದ್ದರೆ ಅವನು ಕಟ್ ಮಾಡುವನು. ಅವಳು ಬೇಸರಪಡದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡುವಳು.

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಕೌದಳ್ಳಿಯಲ್ಲಿ ಝೆರಾಕ್ಸ್ ಅಂಗಡಿ ನಡೆಸುವ ಗೋವಿಂದಮ್ಮ ಅವನನ್ನು ಕರೆಸಿದಳು. ಅವಳ ಕಂಪ್ಯೂಟರಿಗೆ ಹಿಂದಿನ ದಿನ ಯಾರೋ ಹೊಸದಾಗಿ ವಿಂಡೋಸ್ ಹಾಕಿಕೊಟ್ಟಿದ್ದರು.

“ವೈರು ಚುಚ್ಚೇ ಅದೆ ಸಾ, ನೆಟ್ಟೇ ಬತ್ತಿಲ್ಲ. ಜನ ಅರ್ಜಿ ಇಡ್ಕಂಡು ಕಾಯ್ತಾವ್ರೆ.”

ಶಾಂತಮೂರ್ತಿ ಸೆಟ್ಟಿಂಗ್ಸ್ ತೆರೆದ. ನೆಟ್‌ವರ್ಕ್ ಕಾಣಬೇಕಾದ ಜಾಗ ಖಾಲಿ. ವೈರು ಕಿತ್ತು ಮತ್ತೆ ಹಾಕಿದ, ರೀಸ್ಟಾರ್ಟ್ ಮಾಡಿದ. ಒಳಗಿನ ಭಾಗಗಳ ಪಟ್ಟಿಯಲ್ಲಿ ಒಂದರ ಮೇಲೆ ಹಳದಿ ಗುರುತಿತ್ತು. ನೆಟ್ ಕಾರ್ಡನ್ನು ಯಂತ್ರಕ್ಕೆ ಪರಿಚಯಿಸುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಹೊಸ ವಿಂಡೋಸ್‌ನಲ್ಲಿ ಇರಲಿಲ್ಲ. ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು. ಅವನು ತನ್ನ ಫೋನನ್ನೇ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದ. ಅಲ್ಲಿ ಸಿಗ್ನಲ್ ಬಹಳ ಕಡಿಮೆ. ಫೋನ್ ಬಂದರೆ ನೆಟ್ ನಿಂತುಬಿಡುತ್ತಿತ್ತು.

ಅರ್ಧ ಇಳಿದಿದ್ದಾಗ ವೀರಮ್ಮನ ಫೋನ್ ಬಂತು. ಕಟ್ ಮಾಡಿದ. ಡೌನ್‌ಲೋಡ್ ಮೊದಲಿನಿಂದ ಶುರುವಾಯಿತು. ಮತ್ತೆ ಬಂತು, ಮತ್ತೆ ಕಟ್ ಮಾಡಿದ. ಮೂರನೆಯ ಸಲ ಗೋವಿಂದಮ್ಮನೇ ಹೇಳಿದಳು: “ಎತ್ಕಳಿ ಸಾ, ಏನ್ ಅರ್ಜೆಂಟೋ.”

“ನಮ್ಮಕ್ಕ ಕಣಮ್ಮ. ಉಂಡ್ಯಾ ಅಂತ ಕೇಳಕೆ ಮಾಡ್ತಾಳೆ” ಎಂದು ಕಟ್ ಮಾಡಿದ. ಕಾಯುತ್ತಿದ್ದವರು ನಕ್ಕರು. ಆಮೇಲೆ ಫೋನ್ ಬರಲಿಲ್ಲ.

ಡ್ರೈವರ್ ಇಳಿಯಿತು, ನೆಟ್ ಬಂತು. ಕೇಬಲ್ ಬಿಚ್ಚಿ ಅವನೇ ಅಕ್ಕನಿಗೆ ಫೋನ್ ಮಾಡಿದ. ಎತ್ತಿದವಳು ಪಕ್ಕದ ಮನೆಯ ಪುಟ್ಟಮಲ್ಲಮ್ಮ.

“ಎಲ್ಲಿದ್ದೀಯಪ್ಪ ಮೂರ್ತಿ? ಆಸ್ಪತ್ರೆಗೆ ಬಾ. ಬೇಗ ಬಾ.”

ಹನೂರು ದಾಟಿದ್ದು ಅವನಿಗೆ ನೆನಪಿಲ್ಲ. ಕೊಳ್ಳೇಗಾಲದ ಆಸ್ಪತ್ರೆ ತಲುಪುವಷ್ಟರಲ್ಲಿ ವೀರಮ್ಮನ ಮುಖದ ಮೇಲೆ ಬಿಳಿ ಬಟ್ಟೆ ಎಳೆದಿದ್ದರು.

“ಎದೆನೋವು ಅಂತ ಜಗಲಿ ಮೇಲೆ ಕುಂತ್ಕಂಡ್ಳು” ಎಂದಳು ಪುಟ್ಟಮಲ್ಲಮ್ಮ. “ನಾನು ಇನ್ನೊಂದ್ಸಲ ಮಾಡ್ತೀನಿ ಅಂದೆ. ‘ಬ್ಯಾಡ ಬುಡವ್ವ, ಕೆಲ್ಸದಲ್ಲವ್ನೆ, ಆಮೇಲೆ ಅವ್ನೇ ಮಾಡ್ತನೆ’ ಅಂದ್ಳು. ಆಟೋದಲ್ಲೂ ಅದ್ನೇ ಅಂದ್ಳು.”

ಮೊದಲ ಫೋನ್ ಎತ್ತಿದ್ದರೂ ಉಳಿಸಲು ಆಗುತ್ತಿರಲಿಲ್ಲ ಎಂದರು ಡಾಕ್ಟರು. ಅವನು ತಲೆಯಾಡಿಸಿದ. ಧನಗೆರೆಯ ಹೊಲದಲ್ಲಿ ಮಣ್ಣು ಮಾಡುವಾಗಲೂ ಅವನ ಕಣ್ಣಲ್ಲಿ ನೀರು ಬರಲಿಲ್ಲ.

ಹನ್ನೊಂದನೆಯ ದಿನ ಗೋವಿಂದಮ್ಮ ಎರಡು ಬಸ್ಸು ಹತ್ತಿ ಧನಗೆರೆಯ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, “ನಮ್ಮಂಗ್ಡಿ ಕೆಲ್ಸದಿಂದ್ಲೇ ಇಂಗಾಯ್ತು ಸಾ” ಎಂದಳು.

“ನಿಮ್ಮ ತಪ್ಪೇನಿಲ್ಲ ಕಣಮ್ಮ. ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು.” ಜಗಲಿಯ ಕಂಬ ಹಿಡಿದು ಹೇಳಿದ: “ಎತ್ತಿದ್ರೆ ಮಾತಾದ್ರೂ ಆಡ್ಬೋದಿತ್ತು.”

ಅಷ್ಟು ಹೇಳಿ ಕಂಬಕ್ಕೆ ಹಣೆಯಿಟ್ಟು ಅತ್ತ. ಗೋವಿಂದಮ್ಮ ಚೀಲ ಕೆಳಗಿಟ್ಟು, ಅವನ ಅಳು ನಿಲ್ಲುವವರೆಗೂ ಪಕ್ಕದಲ್ಲೇ ನಿಂತಿದ್ದಳು.