ಹುಳು ಮನೆಯ ಗಾಲ್ಫ್ ಮೇಡಂ

ಅಶ್ವತ್ಥಮ್ಮ ಮೇಡಂ ಕೊರಳಲ್ಲಿ ಎರಡೆಳೆ ಸರದ ಜೊತೆಗೆ ಕಪ್ಪು ದಾರಕ್ಕೆ ಕಟ್ಟಿದ ಒಂದು ಸೀಟಿ ಸದಾ ನೇತಾಡುತ್ತಿತ್ತು. ಗಾಲ್ಫ್ ಚೆಂಡಿನ ಮುಂದೆ ಕೋಲು ಹಿಡಿದು ನಾವು ಒಂದು ಉಸಿರಿಗಿಂತ ಹೆಚ್ಚು ಹೊತ್ತು ನಿಂತೆವೋ, ಬೆನ್ನ ಹಿಂದೆ ಅದು ಕಿರ್ರೆಂದು ಕೂಗುತ್ತಿತ್ತು. ನಲವತ್ತು ದಾಟಿದ, ಕಾರ್ಖಾನೆಯಲ್ಲಿ ಹತ್ತಾರು ಜನರನ್ನು ಗದರಿಸಿಕೊಂಡಿರುವ ನಾನು ಆ ಸದ್ದಿಗೆ ಏಳನೇ ಕ್ಲಾಸಿನವನ ಹಾಗೆ ಬೆಚ್ಚುತ್ತಿದ್ದೆ. "ಏನಪ್ಪ ಮಂಜು, ಚೆಂಡಿಗೆ ಪೂಜೆ ಮಾಡ್ತಿದ್ಯ? ನಡಿ, ನೋಡು, ಹೊಡಿ. ನಿಂತ್ಕೊಂಡ್ರೆ ಭಯ ಬಂದು ಕೈ ಹಿಡ್ಕೊಳುತ್ತೆ" ಎನ್ನುತ್ತಿದ್ದರು. ಸಿಟ್ಟು ಹೆಚ್ಚಾದರೆ ಮಾತು ತೆಲುಗಿಗೆ ಜಾರುತ್ತಿತ್ತು. "ಕಾನೀ, ಕಾನೀ" ಎಂದು ಚಿಟಿಕೆ ಹೊಡೆಯುತ್ತಿದ್ದರು. ಆಗಲಿ, ಬೇಗ ಆಗಲಿ ಎಂದು ಅದರ ಅರ್ಥ. ಎದುರು ಮಾತಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅವರು ಶಿಡ್ಲಘಟ್ಟದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ಮನೆ ಸಾದಲಿಯಲ್ಲಿ. ಗಂಡ ತೀರಿಕೊಂಡಿದ್ದರು, ಮಗಳು ಹಿಂದೂಪುರದಲ್ಲಿ ಸಂಸಾರ ಹೂಡಿದ್ದರು. ಚಿಕ್ಕಬಳ್ಳಾಪುರದ ಆಚೆ ಬೆಟ್ಟದ ತಪ್ಪಲಿನಲ್ಲಿರುವ ಗಾಲ್ಫ್ ಮೈದಾನದವರು, ಆಟಗಾರರ ಚೀಲ ಹೊರುವ ಕ್ಯಾಡಿಗಳಿಗೆ ಬೆಳಗ್ಗೆ ಕಸರತ್ತು ಮಾಡಿಸಲು ಇವರನ್ನು ಕರೆದಿದ್ದರು. ಸೋಮವಾರ ಮೈದಾನ ಸದಸ್ಯರಿಗೆ ರಜೆ. ಅಂದು ಕ್ಯಾಡಿಗಳು, ಕೆಲಸದವರು ಆಡಿಕೊಳ್ಳಬಹುದು. ಹಾಗೆ ಒಂದು ಸೋಮವಾರ ಕುತೂಹಲಕ್ಕೆ ಕೋಲು ಹಿಡಿದವರು ಮತ್ತೆ ಬಿಡಲಿಲ್ಲ. ತಾವು ಆಡುವುದಕ್ಕಿಂತ ಹೆಚ್ಚಾಗಿ, ಬೇರೆಯವರು ಎಲ್ಲಿ ಹಾಳಾಗುತ್ತಾರೆ ಎಂದು ನೋಡುತ್ತಾ ನಿಲ್ಲುತ್ತಿದ್ದರು. ಮೂವತ್ತು ವರ್ಷ ಮಕ್ಕಳ ಕೈಕಾಲು ತಿದ್ದಿದ ಕಣ್ಣು ಅದು.

ನಾನು ಗೌರಿಬಿದನೂರಿನ ಪಕ್ಕ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿದ್ದೇನೆ. ಸಾಹೇಬರು ಆಡುತ್ತಾರೆಂದು ಆಡಲು ಹೋಗಿ ಈ ಚಟಕ್ಕೆ ಬಿದ್ದವನು. ಗಾಲ್ಫಿನಲ್ಲಿ ಕಡಿಮೆ ಏಟಿಗೆ ಚೆಂಡನ್ನು ಕುಳಿಗೆ ಹಾಕಿದವನೇ ಜಾಣ. ಹದಿನೆಂಟು ಕುಳಿ ಮುಗಿಸುವಷ್ಟರಲ್ಲಿ ನೂರರೊಳಗೆ ಬಂದರೆ ನಮ್ಮಂಥ ಹವ್ಯಾಸಿಗಳಿಗೆ ಮರ್ಯಾದೆ. ನಾನು ನೂರಿಪ್ಪತ್ತರ ಆಚೆಯೇ ಒದ್ದಾಡುತ್ತಿದ್ದೆ. ಜೊತೆಗೆ ಆಡುತ್ತಿದ್ದ ಶಿಡ್ಲಘಟ್ಟದ ನಯಾಜ್ ಭಾಯ್, ರೇಷ್ಮೆ ನೂಲು ತೆಗೆಸುವ ಘಟಕದವರು, ನನಗಿಂತ ಕಡೆ. ಅವರೇ ಒಂದು ದಿನ ನನ್ನನ್ನು ಸಾದಲಿಗೆ ಎಳೆದುಕೊಂಡು ಹೋದರು.

ಮೇಡಂ ಮನೆಯ ಹಿಂದೆ ಉದ್ದನೆಯ ಹುಳು ಮನೆ ಇತ್ತು. ಗಂಡ ಇದ್ದಾಗ ಅಲ್ಲಿ ರೇಷ್ಮೆ ಹುಳು ಮೇಯಿಸುತ್ತಿದ್ದರಂತೆ. ಈಗ ಅಲ್ಲಿ ಹುಳು ಇರಲಿಲ್ಲ, ಹಿಪ್ಪುನೇರಳೆ ತೋಟವನ್ನು ಮೈದುನ ನೋಡಿಕೊಂಡು ತಮ್ಮ ಮನೆಯಲ್ಲೇ ಹುಳು ಸಾಕುತ್ತಿದ್ದರು. ಹುಳು ಮೇಯಿಸುವ ಖಾಲಿ ಬಿದಿರು ತಟ್ಟೆಗಳನ್ನು ಗೋಡೆಗೆ ಒರಗಿಸಿ, ನೆಲದ ಉದ್ದಕ್ಕೂ ಹಳೆಯ ಜಮಖಾನ ಹಾಸಿ, ಕೊನೆಯಲ್ಲಿ ಒಂದು ಪಾವನ್ನು ಮಲಗಿಸಿಟ್ಟಿದ್ದರು. ಅಕ್ಕಿ ಅಳೆಯುವ ಆ ಪಾವಿನ ಬಾಯೊಳಗೆ ಚೆಂಡನ್ನು ಉರುಳಿಸಬೇಕು. ಮೈದಾನದ ಕುಳಿ ಅದಕ್ಕಿಂತ ಎಷ್ಟೋ ಅಗಲ. ಇಲ್ಲಿ ಪಳಗಿದವನಿಗೆ ಅಲ್ಲಿ ಬಾವಿ ಕಂಡಂತಾಗಬೇಕು ಎಂಬುದು ಅವರ ಲೆಕ್ಕ. ಹೊರಗೆ ಅಂಗಳದಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯನ್ನು ನೆಲಕ್ಕೆ ಹಾಸಿ, ದೂರದಿಂದ ಚೆಂಡನ್ನು ಮೆಲ್ಲಗೆ ಎತ್ತಿ ಅದರ ಮೇಲೆ ಬೀಳಿಸಬೇಕು. ಒಮ್ಮೆ ಬರಿ ಮಣ್ಣಿನಿಂದ, ಒಮ್ಮೆ ರಾಗಿ ಹುಲ್ಲಿನ ಮೇಲಿಂದ, ಒಮ್ಮೆ ತಿಪ್ಪೆಯ ಅಂಚಿನಿಂದ. ಏಟುಗಳು ಪೋಲಾಗುವುದು ದೂರದಲ್ಲಲ್ಲ, ಕುಳಿಯ ಹತ್ತಿರ ಬಂದ ಮೇಲೆ ಎಂದು ಅವರು ಹೇಳುತ್ತಿದ್ದುದನ್ನು ನಾವು ನಂಬಲು ತುಂಬ ದಿನ ಹಿಡಿಯಿತು.

ನಯಾಜ್ ಭಾಯ್ ನಂಬಲೇ ಇಲ್ಲ. ಅವರಿಗೆ ಚೆಂಡು ಆಕಾಶ ಮುಟ್ಟಬೇಕು. ಮೇಡಂ ಒಂದು ದಿನ ಅವರ ಚೀಲದಿಂದ ಅತಿ ಉದ್ದನೆಯ ಕೋಲನ್ನು ಎಳೆದುಕೊಂಡು ಅಟ್ಟದ ಮೇಲೆ ಹಾಕಿಬಿಟ್ಟರು. "ಮೈದುನ ಇವತ್ತು ಹುಳ ಹಿಡ್ದವ್ನೆ. ಆ ಹುಳ ನಾಲ್ಕನೇ ಜ್ವರ ಏಳೋವರ್ಗೂ ದೊಡ್ಡ ಕೋಲು ಕೇಳ್ಬೇಡ" ಎಂದರು. ಮರಿ ಹುಳು ತಂದು ಸಾಕಲು ಶುರುಮಾಡುವುದಕ್ಕೆ ನಮ್ಮ ಕಡೆ ಹುಳು ಹಿಡಿಯುವುದು ಎನ್ನುತ್ತಾರೆ, ಹುಳು ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಯಲು ಮೂರು ವಾರದ ಹತ್ತಿರ ಬೇಕು. ನಯಾಜ್ ಭಾಯ್ ಮುನಿಸಿಕೊಂಡರು, ನನ್ನ ಹತ್ತಿರ ಬೈದರು, ಆದರೂ ಬಂದರು. ಗಿಡ್ಡ ಕೋಲುಗಳಿಂದಲೇ ಆಡಿದರು. ಮೈದುನನ ಹುಳು ಹಣ್ಣಾಗಿ ಚಂದ್ರಂಕಿಗೆ ಏರುವ ಹೊತ್ತಿಗೆ ಅವರು ನೂರರೊಳಗೆ ಬಂದಿದ್ದರು. ಮೇಡಂಗೆ ಒಂದು ಪಾತ್ರೆ ಬಿರಿಯಾನಿ ಹೊತ್ತು ತಂದು, ಅವರು ಮಾಂಸ ತಿನ್ನುವುದಿಲ್ಲವೆಂದು ನೆನಪಾಗಿ, ಬಾಗಿಲಲ್ಲೇ ಪೆಚ್ಚಾಗಿ ನಿಂತಿದ್ದರು.

ಆಮೇಲೆ ನಾನೂ ನೂರರೊಳಗೆ ಬಂದೆ. ಚಿಂತಾಮಣಿಯಿಂದ ಬರುತ್ತಿದ್ದವರೊಬ್ಬರು ಬಂದರು. ಬಾರದೆ ಉಳಿದವರು ಮೇಡಂ ಒಬ್ಬರೇ. "ಹೇಳಿಕೊಡೋಕೆ ಬರುತ್ತೆ, ಆಡೋಕೆ ಬರಲ್ಲ" ಎಂದು ಯಾರೋ ಸದಸ್ಯರು ಕ್ಯಾಂಟೀನಿನಲ್ಲಿ ಅಂದದ್ದು ಅವರ ಕಿವಿಗೆ ಬಿದ್ದಿತ್ತು. ಹಾಗೆ ಅಂದವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಮೇಡಂ ಮಾತ್ರ ತಮಗೆ ಏನೂ ಅನ್ನಿಸಲಿಲ್ಲವೆಂದರು. ನೌಕರಿಯ ಉದ್ದಕ್ಕೂ ಬಿಸಿಲಲ್ಲಿ ಗೆರೆಯ ಪಕ್ಕ ನಿಂತು ಬೇರೆಯವರ ಮಕ್ಕಳ ಓಟ, ನೆಗೆತ ಬರೆದುಕೊಂಡೆ, ನನ್ನ ಹೆಸರಿನ ಮುಂದೆ ಒಂದು ಅಂಕಿ ಯಾವತ್ತೂ ಬರಲಿಲ್ಲ ಎಂದು ಇನ್ನೊಂದು ದಿನ ಏನೋ ಮಾತಿನ ನಡುವೆ ಹೇಳಿದರು. ಅವರಿಗೆ ಆ ನೂರರೊಳಗಿನ ಅಂಕಿ ಎಷ್ಟು ಬೇಕಾಗಿದೆ ಎಂದು ನನಗೆ ತಿಳಿದದ್ದು ಆಗ.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಸಾದಲಿಗೆ ಹೋದೆ. ಕೂಗಿದರೆ ಉತ್ತರವಿಲ್ಲ. ಹುಳು ಮನೆಯ ಬಾಗಿಲು ತಳ್ಳಿದೆ. ಮೇಡಂ ಗೋಡೆಗೆ ಮುಖ ಮಾಡಿ ನಿಂತಿದ್ದರು. ಬಲಗೈಯನ್ನು ನೇರ ಮುಂದಕ್ಕೆ ಚಾಚಿ ಅದರಲ್ಲಿ ನೀರು ತುಂಬಿದ ಚೊಂಬು ಹಿಡಿದಿದ್ದರು. ನೀರು ತುಳುಕಿ ಸೀರೆ, ಜಮಖಾನ ಎಲ್ಲ ಒದ್ದೆಯಾಗಿತ್ತು. ಚೊಂಬು ತಾನೇ ತಾನಾಗಿ ನಡುಗುತ್ತಿತ್ತು. ಸ್ಕೂಲಿನಲ್ಲಿ ತುಂಟ ಹುಡುಗಿಯರಿಗೆ ಕೊಡುವ ಶಿಕ್ಷೆಯನ್ನು ಅವರು ತಮ್ಮ ಕೈಗೆ ಕೊಡುತ್ತಿದ್ದರು.

ನನ್ನನ್ನು ನೋಡಿ ಬಚ್ಚಿಡಲು ಹೋಗಲಿಲ್ಲ. ಚೊಂಬನ್ನು ಕೆಳಗಿಟ್ಟು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿಕೊಂಡು ಗೋಡೆಗೆ ಒರಗಿ ಕೂತರು. ನಡುಕ ಶುರುವಾಗಿ ವರ್ಷದ ಮೇಲಾಗಿತ್ತಂತೆ, ನಾವು ಕಲಿಯಲು ಬರುವ ಮೊದಲೇ. ಸುಮ್ಮನಿದ್ದರೆ ನಡುಗುತ್ತದೆ, ಏನಾದರೂ ಮಾಡಲು ಹೋದರೆ ನಿಲ್ಲುತ್ತದೆ. ಕೋಲು ಹಿಡಿದು ಸ್ವಲ್ಪ ತಡೆದರೆ ಸಾಕು, ಮತ್ತೆ ಹತ್ತಿಕೊಳ್ಳುತ್ತದೆ. ಅದಕ್ಕೇ ನಿಲ್ಲದೆ ನಡೆದು ಹೋಗಿ ಹೊಡೆಯುವುದನ್ನು ಅವರು ಅಭ್ಯಾಸ ಮಾಡಿಕೊಂಡದ್ದು. ತಮಗೆ ಆದ ಉಪಕಾರ ನಮಗೂ ಆಗಲಿ ಎಂದು ಸೀಟಿ ಊದಿ ಕಲಿಸಿದ್ದರು. ಹಾಗಾದರೆ ನಮ್ಮ ಅಂಕಿ ಇಳಿದದ್ದು ಆ ಕಾಯಿಲೆಯಿಂದ.

ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ಅದಕ್ಕೆ ಶಿಸ್ತಿಲ್ಲ ಕಣಪ್ಪ, ಅಷ್ಟೆ. ಎಂತೆಂಥ ಸೋಮಾರಿಗಳ್ನ ಸರಿ ಮಾಡಿದೀನಿ, ನನ್ ಕೈ ಮಾಡಕ್ಕಾಗಲ್ವ? ಡಾಕ್ಟ್ರು ಫಸ್ಟ್ ಹೇಳೋದೇ ಆಟ ನಿಲ್ಸಿ ಅಂತ. ಒಂದೇ ಒಂದ್ಸಲ ನೂರ್ರೊಳಕ್ಕೆ ಬರ್ತೀನಿ. ಆಮೇಲೆ ಎಲ್ಲಿಗ್ ಬೇಕಾದ್ರೂ ಕರ್ಕೊಂಡೋಗು. ಮಗಳಿಗೆ ಹೇಳ್ಬೇಡ. ಆ ನಯಾಜ್‌ಗಂತೂ ಹೇಳಲೇಬೇಡ, ಊರಿಗೆಲ್ಲ ಡಂಗುರ ಹೊಡೀತಾನೆ."

ಕಾಯಿಲೆಯನ್ನು ಕಸರತ್ತಿನಿಂದ ಓಡಿಸಲು ಹೊರಟ ಹಟ ಅದು. ಜಗಳವಾಡಿದೆ, ಮಾತು ಬಿಟ್ಟೆ, ಮತ್ತೆ ಹೋದೆ. ನಮ್ಮ ಕಾರ್ಖಾನೆಯ ವಾರದ ರಜೆಯೂ ಸೋಮವಾರವೇ. ಅವರ ಚೀಲ ಹೊತ್ತುಕೊಂಡು ಹಿಂದೆ ನಡೆಯತೊಡಗಿದೆ. ಆ ಸೋಮವಾರಗಳ ಆತಂಕ ನನಗೇ ಗೊತ್ತು. ಪ್ರತಿ ವಾರವೂ ಕೈ ಸ್ವಲ್ಪ ಬೇಗ ನಡುಗುತ್ತಿತ್ತು. ಪ್ರತಿ ವಾರವೂ ಅಂಕಿ ಸ್ವಲ್ಪ ಇಳಿಯುತ್ತಿತ್ತು. ಯಾವುದು ಮೊದಲು ಮುಟ್ಟುತ್ತದೆ ಎಂದು ನೋಡುತ್ತಾ ನಾನು ಮನೆಯಲ್ಲಿ ಉಣ್ಣುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ದೇವರೇ, ಒಂದು ಸಲ ಆಗಿಬಿಡಲಿ, ಆಸ್ಪತ್ರೆಗೆ ಬರುತ್ತಾರೆ ಎಂದು ಬೇಡಿಕೊಂಡದ್ದೂ ಉಂಟು.

ಹೀಗಿರುವಾಗ ಒಂದು ಸೋಮವಾರ ನಯಾಜ್ ಭಾಯ್ ಕೂಡ ಬಂದಿದ್ದರು. ಗೂಡಿನ ಮಾರುಕಟ್ಟೆಯ ಕೆಲಸ ಬೇಗ ಮುಗಿಯಿತಂತೆ. ಮೇಡಂ ಅಂದು ಮೊದಲಿನಿಂದಲೇ ಬೇರೆ ಥರ ಆಡಿದರು. ಮಾತಿಲ್ಲ, ಬೈಗುಳವಿಲ್ಲ. ನಡೆದು ಹೋಗುವುದು, ನೋಡುವುದು, ಹೊಡೆಯುವುದು. ಹದಿನೇಳು ಕುಳಿ ಮುಗಿದಾಗ ತೊಂಬತ್ನಾಲ್ಕು ಏಟಾಗಿತ್ತು. ಕೊನೆಯ ಕುಳಿಯನ್ನು ಐದರಲ್ಲಿ ಮುಗಿಸಿದರೆ ತೊಂಬತ್ತೊಂಬತ್ತು. ನಾಲ್ಕನೇ ಏಟಿಗೆ ಚೆಂಡು ಕುಳಿಯಿಂದ ಎರಡಡಿ ದೂರದಲ್ಲಿ ಬಂದು ನಿಂತಿತು. ಹುಳು ಮನೆಯ ಜಮಖಾನದ ಮೇಲೆ ಆ ದೂರದಿಂದ ಅವರು ತಪ್ಪಿದ್ದನ್ನು ನಾನು ಕಂಡೇ ಇರಲಿಲ್ಲ.

ಅವರು ಚೆಂಡಿನತ್ತ ನಡೆದರು. ಕೋಲು ಇಳಿಯಿತು. ಅಷ್ಟರಲ್ಲಿ ನಯಾಜ್ ಭಾಯ್ "ಒಂದ್ನಿಮ್ಷ ಮೇಡಂ, ಎಲೆ ಐತೆ" ಎನ್ನುತ್ತಾ ಓಡಿ ಹೋಗಿ, ಚೆಂಡಿನ ದಾರಿಯಲ್ಲಿ ಬಿದ್ದಿದ್ದ ಒಣಗಿದ ಎಲೆಯನ್ನು ಎತ್ತಿಕೊಂಡರು. ಪಕ್ಕಕ್ಕೆ ಸರಿದು, ಪ್ರೀತಿಯಿಂದಲೇ, "ಈಗ ಆರಾಮಾಗಿ ಟೈಮ್ ತಗೊಳ್ಳಿ. ಅವಸರ ಇಲ್ಲ" ಎಂದರು. ನನಗೆ ಅವರ ಬಾಯಿ ಮುಚ್ಚಬೇಕೆನ್ನಿಸಿತು. ಆದರೆ ಏನೆಂದು ಹೇಳಲಿ? ಮೇಡಂ ಕೋಲಿನ ತುದಿ ಆಗಲೇ ಅದುರತೊಡಗಿತ್ತು.

ಅವರು ಹಿಂದಕ್ಕೆ ಬಂದು, ಮತ್ತೆ ನಡೆದು ಹೋದರು. ಈ ಸಲ ಕೋಲು ಚೆಂಡಿನ ಹತ್ತಿರ ಹೋಗುವ ಮೊದಲೇ ಕೈ ನಡುಗುತ್ತಿತ್ತು. ನಯಾಜ್ ಭಾಯ್ ಮುಖದ ನಗು ಇಳಿಯಿತು. ಅವರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಹುಲ್ಲಿನ ಮೇಲೆ ಕೋಲು ಟಪಟಪ ಬಡಿಯುವುದು ನಮಗೆ ಕೇಳಿಸುತ್ತಿತ್ತು. ಮೇಡಂ ತುಟಿ ಅಲ್ಲಾಡಿತು. ತಮ್ಮ ಕೈಗೆ ಏನೋ ಹೇಳುತ್ತಿದ್ದರು. ಗದರಿದಂತಿರಲಿಲ್ಲ, ಕೇಳಿಕೊಂಡಂತಿತ್ತು. ಆಮೇಲೆ ಹೊಡೆದರು. ಚೆಂಡು ಕುಳಿಯ ಅಂಚನ್ನು ಸವರಿ ಆಚೆ ಹೋಗಿ ನಿಂತಿತು.

ಇನ್ನೊಂದು ಏಟಿಗೆ ಅದನ್ನು ಒಳಗೆ ಹಾಕಿ, ಬಗ್ಗಿ ಎತ್ತಿಕೊಂಡರು. "ನೂರು ಬರ್ಕೊ" ಎಂದರು. ಆಟ ಮುಗಿದ ಮೇಲೆ ಕೈ ಕುಲುಕುವುದು ಪದ್ಧತಿ. ಅವರು ಬಲಗೈಯನ್ನೇ ಚಾಚಿದರು. ನನ್ನ ಅಂಗೈಯಲ್ಲಿ ಅದು ನಡುಗುತ್ತಲೇ ಇತ್ತು, ಅವರು ಬಿಡಿಸಿಕೊಳ್ಳಲಿಲ್ಲ. ನಯಾಜ್ ಭಾಯ್ ಎದುರಿಗೇ, "ಇದು ನನ್ ಕೈಲಿ ಆಗಲ್ಲ ಕಣಪ್ಪ. ಕರ್ಕೊಂಡೋಗು" ಎಂದರು.

ಚಿಕ್ಕಬಳ್ಳಾಪುರದಲ್ಲಿ ನರರೋಗದ ಡಾಕ್ಟರು ಅವರನ್ನು ನಡೆಸಿದರು, ಬೆರಳು ಮಡಚಿಸಿದರು, ಬರೆಸಿದರು. ಕಾಯಿಲೆಯ ಹೆಸರು ಹೇಳಿದರು. ಪೂರ್ತಿ ವಾಸಿಯಾಗುವುದಲ್ಲ, ಆದರೆ ಮಾತ್ರೆಯಿಂದ ಈ ನಡುಕ ಎಷ್ಟೋ ತಗ್ಗಬಹುದು, ಮೊದಲೇ ಬಂದಿದ್ದರೆ ಇಷ್ಟು ದಿನ ಒದ್ದಾಡಬೇಕಿರಲಿಲ್ಲ ಎಂದರು. ಮೇಡಂ ಆಟದ ವಿಷಯ ಕೇಳಿದರು. ಬಿಡಲೇಬೇಡಿ, ನಿಮಗೆ ನಡೆದಷ್ಟೂ ಒಳ್ಳೆಯದು ಎಂದರು ಡಾಕ್ಟರು. ಮೇಡಂ ನಂಬಿಕೆ ಬರದೆ ಮತ್ತೊಮ್ಮೆ ಕೇಳಿದರು. ಅದೇ ಉತ್ತರ ಬಂತು.

ಕಾರಿನಲ್ಲಿ ಶಿಡ್ಲಘಟ್ಟ ದಾಟುವವರೆಗೂ ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಆಮೇಲೆ "ನಿಲ್ಸು ಅಂತಾರೆ ಅಂತ ಹೆದ್ರಿದ್ದೆ ಕಣಪ್ಪ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಸೀಟಿ ಊದಿ ನಮ್ಮನ್ನೆಲ್ಲ ಹೆದರಿಸಿದ ಹೆಂಗಸು ಒಂದು ಮಾತಿಗೆ ಹೆದರಿ ಅಷ್ಟು ದಿನ ಕಳೆದಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಗಾಡಿ ನಿಧಾನ ಮಾಡಿದೆ.

ಆಮೇಲೆ ನಾವು ಒಂದೇ ಒಂದು ಸಲ ಆಡಿದೆವು. ಅದಾದ ಮೇಲೆ ಮಗಳು ಹಿಂದೂಪುರಕ್ಕೆ ಕರೆದುಕೊಂಡು ಹೋದರು. ಸಂಕ್ರಾಂತಿ ಕಳೆದ ವಾರ ಅಲ್ಲಿಯೇ, ಎದೆನೋವು ಬಂದು, ಅಶ್ವತ್ಥಮ್ಮ ಮೇಡಂ ಹೋಗಿಬಿಟ್ಟರು. ಮಣ್ಣಿಗೆ ನಾನೂ ನಯಾಜ್ ಭಾಯ್ ಹೋಗಿದ್ದೆವು. ಅವರ ಹಳೆಯ ವಿದ್ಯಾರ್ಥಿನಿಯರು ತುಂಬ ಜನ ಬಂದಿದ್ದರು.

ನನಗೆ ಆ ಕೊನೆಯ ಸೋಮವಾರವೇ ಹೆಚ್ಚು ನೆನಪಾಗುತ್ತದೆ. ಮಾತ್ರೆ ಶುರುವಾಗಿ ಎರಡು ತಿಂಗಳು ಕಳೆದಿತ್ತು. ಮೊದಲ ಕುಳಿಯ ಹತ್ತಿರ ಮೇಡಂ ಚೆಂಡಿನ ಹಿಂದೆ ಕೋಲು ಇಟ್ಟರು, ಹೊಡೆಯಲಿಲ್ಲ. ನಾನು ಗಾಬರಿಯಾಗಿ ಅವರ ಕೈ ನೋಡಿದೆ. ಅದು ಅಲ್ಲಾಡುತ್ತಿರಲಿಲ್ಲ. ಎಷ್ಟೋ ಹೊತ್ತು ಹಾಗೇ ಇದ್ದರು. ಕೊನೆಗೆ ಹೊಡೆದಾಗ ಚೆಂಡು ಎತ್ತಲೋ ಹೋಯಿತು. ಎರಡನೇ ಕುಳಿಯಲ್ಲೂ ಹಾಗೆ, ಮೂರರಲ್ಲೂ ಹಾಗೆ. ಏಟುಗಳು ಏರುತ್ತಾ ಹೋದವು. ಒಂಬತ್ತನೇ ಕುಳಿಯಷ್ಟರಲ್ಲಿ ನೂರರೊಳಗೆ ಬರುವ ಆಸೆ ಮುಗಿದಿತ್ತು. ಹಿಂದೆ ಆಡುತ್ತಾ ಬರುತ್ತಿದ್ದ ಕ್ಯಾಡಿಗಳು ನಮಗಾಗಿ ಕಾಯುತ್ತಾ ನಿಂತಿದ್ದರು. ನಾನು ಹತ್ತಿರ ಹೋಗಿ, ಮೇಡಂ, ಇಷ್ಟು ಹೊತ್ತು ನಿಂತರೆ ಹೇಗೆ, ಅಂಕಿ ಕೆಡುತ್ತಿದೆಯಲ್ಲ ಎಂದು ಮೆಲ್ಲಗೆ ಹೇಳಿದೆ.

ಅವರು ತಲೆ ಎತ್ತಲಿಲ್ಲ. ಕಣ್ಣು ತಮ್ಮ ಕೈಗಳ ಮೇಲೇ ಇತ್ತು.

"ಕೆಟ್ಟೋಗ್ಲಿ ಬಿಡಪ್ಪ" ಎಂದರು. "ಸುಮ್ನೆ ನಿಂತಿದೀನಿ, ನೋಡು. ಎಷ್ಟ್ ದಿನ ಆಗಿತ್ತು ಸುಮ್ನೆ ನಿಂತು."