ಮೀನಕ್ಕನ ಒಂದುಸಿರಿನ ಈಜು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತು ದುಡಿಯುತ್ತಿದ್ದ ಆ ಹೆಂಗಸಿಗೆ ಮೀನಕ್ಕ ಎಂದು ಹೆಸರಿಟ್ಟದ್ದು ಈಜುಕೊಳದವರು. ಕೂತು ಕೂತು ಮೈ ಮರಗಟ್ಟಿತೆಂದು ಒಲ್ಲದ ಮನಸ್ಸಿನಿಂದ ಕೊಳಕ್ಕೆ ಹೋದವಳು, ಒಂದು ಮೂಲೆಯಲ್ಲಿ ಕೆಲವರು ಎರಡೂ ಪಾದಗಳನ್ನು ಮೀನಿನ ಬಾಲದಂಥ ಒಂದೇ ಅಗಲವಾದ ಫಿನ್ನಿಗೆ ತುರುಕಿ, ಕೈ ಆಡಿಸದೆ, ಬರೀ ಸೊಂಟ ಬಳುಕಿಸುತ್ತ ನೀರು ಸೀಳಿಕೊಂಡು ಹೋಗುವುದನ್ನು ಕಂಡಳು. ಕಂಡದ್ದೇ ತಡ, ಮನಸ್ಸು ಅಲ್ಲೇ ಅಂಟಿಕೊಂಡಿತು. ಕೆಲವು ವರ್ಷಗಳಲ್ಲಿ ಆ ಕ್ಲಬ್ಬಿನ ಒಂದುಸಿರಿನ ಸ್ಪರ್ಧೆಯಲ್ಲಿ ಅವಳೇ ಎಲ್ಲರಿಗಿಂತ ಮುಂದು. ಮುಖ ಮೇಲೆತ್ತದೆ, ನೀರಿನ ಒಳಗೊಳಗೇ, ಕೊಳದ ಈ ತುದಿಯಿಂದ ಆ ತುದಿ ಮುಟ್ಟಬೇಕು. ಅದೇ ಆ ಸ್ಪರ್ಧೆ.

ಗಂಡ ಬಸ್ ಡ್ರೈವರ್. ಧಡೂತಿ ಆಸಾಮಿ, ನೀರೆಂದರೆ ಮಾರು ದೂರ ನಿಲ್ಲುವ ಜೀವ. ಹೆಂಡತಿಯ ಟವೆಲ್ ಮಡಿಲಲ್ಲಿಟ್ಟುಕೊಂಡು ದಡದ ಬೆಂಚಿನ ಮೇಲೆ ಕೂತಿರುತ್ತಿದ್ದ.

"ಬನ್ನಿ ರೀ, ಒಂದ್ ಸಲ ಇಳಿದು ನೋಡಿ," ಎಂದು ಅವಳು ಕರೆದರೆ, "ನಾನಿಳಿದ್ರೆ ನೀರೆಲ್ಲ ಹೊರಗೆ ಬರುತ್ತೆ. ಆಮೇಲೆ ನೀನೆಲ್ಲಿ ಈಜ್ತೀಯ?" ಎನ್ನುತ್ತಿದ್ದ.

ಅವಳು ಬಿಡಲಿಲ್ಲ. ಎರಡು ಕಾಲಿಗೂ ಬೇರೆ ಬೇರೆ ಫಿನ್ ತೊಡಿಸಿ, ಉಸಿರಾಡುವ ಕೊಳವೆ ಬಾಯಿಗೆ ಕೊಟ್ಟು, ಹೊಟ್ಟೆಯ ಕೆಳಗೆ ಕೈ ಹಿಡಿದು ತೇಲಿಸಿದಳು. ಹೆದರಿಕೆ ಬಿಟ್ಟ ಮೇಲೆ ಅವನನ್ನು ಹಿಡಿಯುವವರೇ ಇಲ್ಲ. "ಕಾಲಿಗೂ ಗೇರ್ ಬಂತು ಕಣೆ!" ಎಂದು ಇಡೀ ಕೊಳಕ್ಕೇ ಕೇಳುವಂತೆ ಕೂಗಿದ. ಅಡುಗೆಮನೆಯಲ್ಲೂ ಅದೇ ಮಾತು, ಹಾಸಿಗೆಯಲ್ಲೂ ಅದೇ ಮಾತು. ಗಂಡ ಹೆಂಡಿರ ನಡುವೆ ಅಷ್ಟೊಂದು ಮಾತು ಬೆಳೆದು ಎಷ್ಟೋ ಕಾಲವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಅವಳು ದಡದಲ್ಲಿ ಕೂತು ತಲೆ ಒರೆಸಿಕೊಳ್ಳುತ್ತಿದ್ದಾಗ ಅವನು ಅವಳ ಒಂಟಿ ಫಿನ್ನಿಗೆ ಹೇಗೋ ಪಾದ ತೂರಿಸಿಕೊಂಡ. ಕ್ಲಬ್ಬಿನ ಕೋಚ್ ಒಳಗೆ ಹೋಗಿದ್ದರು. ಇಳಿಯುವ ಮುಂಚೆ ಮೇಲಿಂದ ಮೇಲೆ ಜೋರಾಗಿ ಉಸಿರು ಎಳೆಯಬಾರದು, ಮಿದುಳು ಮೋಸ ಹೋಗುತ್ತೆ, ಎಚ್ಚರಿಕೆ ಕೊಡದೇ ಪ್ರಜ್ಞೆ ತಪ್ಪುತ್ತೆ ಎಂದು ಅವರು ನೂರು ಸಲ ಹೇಳಿದ್ದರು. ಅವನು ಮಾಡಿದ್ದು ಅದನ್ನೇ. ಕುಲುಮೆಯ ತಿದಿಯ ಹಾಗೆ ಭುಸ್ ಭುಸ್ ಎಂದು ಉಸಿರೆಳೆದು ಬಿಟ್ಟು ನೀರಿಗೆ ಜಾರಿದ.

"ಬಸ್ ಹೊರಡ್ತು!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

ಅರ್ಧ ದಾರಿ ದಾಟಿದ ಮೇಲೆ ಅವನ ಬಳುಕು ನಿಧಾನವಾಯಿತು. ಆಮೇಲೆ ನಿಂತಿತು. ಭಾರದ ಮೈ ಮೆಲ್ಲಗೆ ತಳಕ್ಕಿಳಿದು ಟೈಲ್ಸಿನ ಮೇಲೆ ಬೋರಲಾಗಿ ಮಲಗಿತು. ಹಿಂದೆಯೂ ಅವನು ಹೀಗೆ ಸತ್ತವನಂತೆ ನಟಿಸಿ ಅವಳನ್ನು ಹೆದರಿಸಿದ್ದುಂಟು.

"ನೋಡಿ, ಶುರುವಾಯ್ತು ಇವರ ನಾಟಕ," ಎಂದು ಅವಳು ನಗುತ್ತ ಕೂತಳು. ನಗುತ್ತ ಕೂತೇ ಇದ್ದಳು. ಅವನ ಬಾಯಿಂದ ದೊಡ್ಡದೊಂದು ಗುಳ್ಳೆ ಹೊರಟು ಮೇಲೆ ಬಂದು ಒಡೆದಾಗ ಅವಳು ಟವೆಲ್ ಎಸೆದು ನೀರಿಗೆ ಧುಮುಕಿದಳು.

ಅವಳೂ ಲೈಫ್‌ಗಾರ್ಡೂ ಸೇರಿ ಎಳೆದು ದಡಕ್ಕೆ ಹಾಕಿದರು. ತುಟಿ ನೀಲಿಗಟ್ಟಿತ್ತು. ಓಡಿ ಬಂದ ಕೋಚ್ ಅವನ ಬಾಯಿಗೆ ಬಾಯಿಟ್ಟು ಊದಿದರು. ಕೊನೆಗೊಮ್ಮೆ ಅವನು ಕೆಮ್ಮಿ, ನೀರು ಕಾರಿ, ಕಣ್ಣು ಬಿಟ್ಟು, "ಗೋಡೆ ಮುಟ್ಟಿದ್ನಾ?" ಎಂದ.

ಆಸ್ಪತ್ರೆಯಿಂದ ಮರುದಿನ ಮನೆಗೆ ಬಂದ. ಅವನಿಗೆ ಏನೂ ನೆನಪಿರಲಿಲ್ಲ. ಡಿಪೋದಲ್ಲಿ ಅದನ್ನೇ ಕಥೆ ಕಟ್ಟಿ ಎಲ್ಲರನ್ನೂ ನಗಿಸಿದ. ಅತ್ತೆ ಮಾತ್ರ ನಗಲಿಲ್ಲ. "ಸುಮ್ನೆ ಬೆಂಚಿನ ಮೇಲೆ ಕೂತಿದ್ದ ನನ್ನ ಮಗನ್ನ ನೀರುಪಾಲು ಮಾಡ್ತಿದ್ಯಲ್ಲೇ!" ಎಂದರು. ಅತ್ತೆ ಬೈದದ್ದು ಕಡಿಮೆಯೇ ಆಯಿತೆಂದು ಮೀನಕ್ಕನಿಗೆ ಅನ್ನಿಸಿತು. ಕೆಲಸದಲ್ಲಿ ಕೈ ಸೋತಿತು. ಗಿರಾಕಿಯ ಗಾಜನ್ನು ಉಜ್ಜುತ್ತ ಉಜ್ಜುತ್ತ ಅಂಚು ಸಿಡಿದು ಹೋಗುವವರೆಗೂ ಅವಳಿಗೆ ಎಚ್ಚರವಿರುತ್ತಿರಲಿಲ್ಲ.

ಸ್ಪರ್ಧೆ ಬಂತು. ಹೆಸರು ಕೊಟ್ಟಾಗಿದೆಯೆಂದು ಹೋದಳು. ಸೀಟಿ ಊದಿದ್ದೇ ನೀರಿಗೆ ಹಾರಿ, ಎಂದಿನಂತೆ ಬಳುಕುತ್ತ ಹೊರಟಳು. ಕೆಳಗೆ ಬಿಳಿ ಟೈಲ್ಸು ಸರಿಯುತ್ತಿತ್ತು. ಅದರ ಮೇಲೆ ಅವನು ಬೋರಲು ಮಲಗಿದ್ದ ಹಾಗೆ ಕಂಡಿತು. ಕಿವಿಯಲ್ಲಿ ತನ್ನದೇ ನಗು. ಕೊಳದ ನಟ್ಟನಡುವೆ ತಲೆ ಮೇಲೆತ್ತಿಬಿಟ್ಟಳು. ತೀರ್ಪುಗಾರರು ಕೈಯೆತ್ತಿದರು, ಸ್ಪರ್ಧೆಯಿಂದ ಹೊರಗೆ. ಉಳಿದವರೆಲ್ಲ ಅವಳ ಎರಡೂ ಪಕ್ಕದಲ್ಲಿ ಸರ್ರನೆ ದಾಟಿ ಹೋದರು.

ಮನೆಗೆ ಬಂದ ಮೇಲೆ ಅವನು ಪಕ್ಕದಲ್ಲಿ ಕೂತು ಕೇಳಿದ: "ಏನಾಯ್ತೇ? ನಿನಗೆ ಉಸಿರು ಸಾಲದೇ ಹೋಗೋದಾ?"

"ಉಸಿರಿತ್ತು. ನೀವು ತಳದಲ್ಲಿ ಬಿದ್ದಿದ್ದಾಗ ನಾನು ನಗ್ತಾ ಕೂತಿದ್ದೆ ರೀ."

"ಅಷ್ಟೇನಾ? ಅದನ್ನ ಲೈಫ್‌ಗಾರ್ಡ್ ಅವತ್ತೇ ಹೇಳಿದ. ಸತ್ತ ಹಾಗೆ ಆಟ ಕಟ್ಟಿ ಕಟ್ಟಿ ನಗೋದು ಕಲಿಸಿದ್ದು ನಾನೇ ಅಲ್ವಾ? ಬಿಡು."

"ನಿಮಗೆ ಗೊತ್ತಾಗಲ್ಲ. ನೀವು ಕೆಳಗಿದ್ರಿ. ನೋಡ್ತಾ ಇದ್ದೋಳು ನಾನು."

ಅವನು ಅವಳ ಕೈ ಹಿಡಿದುಕೊಳ್ಳಲು ಹೋದ. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಒಂಟಿ ಫಿನ್ನನ್ನು ಅವಳು ಕ್ಲಬ್ಬಿಗೇ ಕೊಟ್ಟುಬಿಟ್ಟಳು. ಕೋಚ್ ಎಷ್ಟು ಹೇಳಿದರೂ ಒಂದುಸಿರಿನ ಈಜಿಗೆ ಮತ್ತೆ ಇಳಿಯಲಿಲ್ಲ. ಆದರೆ ಅವನ ಆಸೆ ಹೋಗಿರಲಿಲ್ಲ. ಬರೀ ಮೇಲ್ಮೇಲೆ ಈಜ್ತೀನಿ, ಕೊಳವೆ ಬಾಯಿಂದ ತೆಗೆಯೋದೇ ಇಲ್ಲ ಎಂದು ದುಂಬಾಲು ಬಿದ್ದ. ಕೊನೆಗೆ ಅವಳು ಒಪ್ಪಿದ್ದು ಒಂದೇ ಮಾತಿನ ಮೇಲೆ: ಇಬ್ಬರೂ ಒಟ್ಟಿಗೆ ನೀರಿನಲ್ಲಿರಕೂಡದು. ಒಬ್ಬರು ಈಜಿದರೆ ಇನ್ನೊಬ್ಬರು ದಡದ ಮೇಲೆ.

ಈಗಲೂ ಹಾಗೆಯೇ ನಡೆದಿದೆ. ಅವನು ತೇಲುತ್ತ ಹೋದಂತೆ ಅವಳು ದಡದುದ್ದಕ್ಕೂ ಅವನ ಸಮಕ್ಕೆ ನಡೆಯುತ್ತಾಳೆ, ಕಣ್ಣು ಅವನ ಬೆನ್ನಿನಿಂದ ಕೀಳುವುದಿಲ್ಲ.

"ಮೀನಕ್ಕ, ಇದೇನು ನೀರಿನ ಪಕ್ಕ ವಾಕಿಂಗು?" ಎಂದು ಪರಿಚಯದವರು ರೇಗಿಸುತ್ತಾರೆ.

ಅವಳು ಅತ್ತ ತಿರುಗಿ ಸಹ ನೋಡುವುದಿಲ್ಲ. ಅವನು ಮೇಲೆ ಹತ್ತಿ, ಒರೆಸಿಕೊಂಡು, ಬೆಂಚಿನ ಮೇಲೆ ಕೂತು, "ಹೂಂ, ಈಗ ನೀನು ಹೋಗು," ಎಂದ ಮೇಲೆಯೇ ಒಬ್ಬಳೇ ನೀರಿಗಿಳಿಯುತ್ತಾಳೆ.